ರಂಗಸಿದ್ಧಿ: ಚಿತ್ರವೊಂದು ಗೆಲ್ಲುವುದೇಕೆ, ಸೋಲುವುದೇಕೆ

1972ರ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದಾಗ, ಅದರ ನಾಯಕನ ಮುಖವನ್ನು ಅದಕ್ಕೆ ಮುಂಚೆ ಕಂಡು ಗುರುತಿಟ್ಟುಕೊಂಡಿದ್ದ ಪ್ರೇಕ್ಷಕರು ಬಹಳ ಮಂದಿ ಇರಲಿಲ್ಲ. ಚಿತ್ರದುರ್ಗದ ಕಲ್ಲುಬೆಟ್ಟಗಳ ನಡುವೆ ಬೆಳೆದ, ಮುಂಗೋಪಿಯೂ ಹಠಮಾರಿಯೂ ಆದ, ಲೋಕವೆಲ್ಲ ಎದುರುನಿಂತರೂ ಬಗ್ಗದೆ ಚಾಮಯ್ಯ ಮೇಷ್ಟ್ರ ಒಂದು ಮಾತಿಗೆ ಮಾತ್ರ ತಲೆಬಾಗುವ ರಾಮಾಚಾರಿಯ ಆ ಕಥೆ ನಾಡಿನ ಊರೂರುಗಳಲ್ಲಿ ವಾರಗಟ್ಟಲೆ ಓಡಿ, ವಿಷ್ಣುವರ್ಧನರನ್ನು ಮನೆಮಾತಾಗಿಸಿತು. ಎರಡು ವರ್ಷಗಳ ತರುವಾಯ, 1974ರಲ್ಲಿ, ಅದೇ ನಿರ್ದೇಶಕರು ಅದೇ ಕಥೆಯನ್ನು ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಿಂದ ಹಿಂದಿಯಲ್ಲಿ ತೆಗೆದರು. ಹಿಂದಿನ ವರ್ಷ ‘ಬಾಬಿ’ಯಿಂದ ದೇಶದ ತರುಣಜನರ ಕಣ್ಮಣಿಯಾಗಿದ್ದ ರಿಷಿ ಕಪೂರ್ ನಾಯಕ; ಆರ್. ಡಿ. ಬರ್ಮನ್ ಸಂಗೀತ ನಿರ್ದೇಶಕರು. ಕಿಶೋರ್ ಕುಮಾರರು ಹಾಡಿದ ಅದರ ಗೀತೆಯೊಂದು ಇಂದಿಗೂ ಜನರ ನಾಲಿಗೆಯ ಮೇಲಿದೆ. ಇಷ್ಟೆಲ್ಲ ಇದ್ದೂ ಚಿತ್ರ ಸೋತಿತು.

ಕಥೆ ಒಂದೇ, ಅದನ್ನು ಹೇಳಿದ ಕೈಯೂ ಒಂದೇ, ಎರಡನೆಯ ಸಲಕ್ಕೆ ಅನುಭವವೂ ಜೊತೆಗಿತ್ತು. ಫಲ ಮಾತ್ರ ಬೇರೆಯಾಯಿತು. ಇಂಥ ಉದಾಹರಣೆಗಳನ್ನು ಮುಂದಿಟ್ಟುಕೊಂಡೇ ಕನ್ನಡ ಚಿತ್ರರಂಗದ ನೆಲೆಯಾದ ಗಾಂಧಿನಗರದ ಅನುಭವಸ್ಥರು ಚಿತ್ರೋದ್ಯಮವನ್ನು ಅದೃಷ್ಟದ ವ್ಯಾಪಾರವೆಂದು ಕರೆಯುತ್ತ ಬಂದಿದ್ದಾರೆ. ಮುಹೂರ್ತದ ಗಳಿಗೆಯನ್ನು ಜೋಯಿಸರಿಂದ ನಿಶ್ಚಯಿಸಿ, ಮೊದಲ ದೃಶ್ಯವನ್ನು ದೇವರ ಪಟದ ಮುಂದೆ ಚಿತ್ರಿಸಿ, ಬಿಡುಗಡೆಯ ದಿನ ತೆರೆಯ ಮುಂದೆ ಈಡುಗಾಯಿ ಒಡೆಯುವ ಪದ್ಧತಿಯ ಹಿಂದೆ ಇರುವುದು ಈ ಭಯಭಕ್ತಿಯೇ. ಅದೃಷ್ಟಕ್ಕೆ ಒಂದು ಪಾಲು ಇಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿಬಿಟ್ಟರೆ, ಗೆದ್ದವನ ಪರಿಶ್ರಮಕ್ಕೆ ಅವಮಾನವಾಗುತ್ತದೆ, ಸೋತವನಿಗೆ ಕಲಿಯುವ ಮಾರ್ಗವೇ ಮುಚ್ಚಿಹೋಗುತ್ತದೆ. ಗೆಲುವು ಸೋಲುಗಳಿಗೆ ಕಾರಣಗಳುಂಟು. ಅವು ಮುಂಚಿತವಾಗಿ ಕಣ್ಣಿಗೆ ಬೀಳುವುದು ಕಷ್ಟವಾದರೂ, ವಿಚಾರಿಸಿ ನೋಡಿದವರಿಗೆ ಅಗೋಚರವಲ್ಲ.

ಈ ವಿಚಾರ ನಮ್ಮಲ್ಲಿ ಹೊಸದೂ ಅಲ್ಲ. ಶ್ರೀರಂಗರೆಂದು ಪ್ರಸಿದ್ಧರಾದ ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದಿರುವ ಭರತಮುನಿಯ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯಕ್ಕೆ ಪ್ರಯೋಗದ ಸಿದ್ಧಿಯೇ ವಿಷಯ. ಎಂದರೆ, ಆಡಿದ ಆಟ ಗೆದ್ದಿತೆಂದು ಹೇಗೆ ತಿಳಿಯಬೇಕು, ಸೋತರೆ ಏತಕ್ಕೆ ಸೋತಿತು ಎಂಬ ಪ್ರಶ್ನೆಯನ್ನೇ ಅಲ್ಲಿ ಮುನಿಯು ಎತ್ತಿಕೊಂಡಿದ್ದಾನೆ. ಅವನ ಪ್ರಕಾರ ಸಿದ್ಧಿ ಎರಡು ಬಗೆ. ಪ್ರೇಕ್ಷಕರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ಭಲೇ ಎಂದು ಮೆಚ್ಚುವುದು, ಅಯ್ಯೋ ಎಂದು ಮರುಗುವುದು, ರೋಮಾಂಚಗೊಳ್ಳುವುದು, ಆಸನದಿಂದ ಮೇಲೇಳುವುದು, ಉಂಗುರವನ್ನೋ ವಸ್ತ್ರವನ್ನೋ ನಟನ ಕಡೆಗೆ ಎಸೆಯುವುದು — ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ರಂಗಮಂದಿರ ತುಂಬಿದ್ದು, ಅಲ್ಲಿ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಅಷ್ಟು ಜನವೂ ಭಾವದಲ್ಲಿ ಮುಳುಗಿ ನಿಶ್ಚಲರಾಗಿ ಕುಳಿತಿದ್ದರೆ ಅದು ದೈವೀ ಸಿದ್ಧಿ. ಮೊದಲ ವಾರದ ಗಲ್ಲಾಪೆಟ್ಟಿಗೆಯ ಮೊತ್ತವನ್ನೇ ಯಶಸ್ಸೆಂದು ತಿಳಿಯುವ ನಮ್ಮ ಕಾಲಕ್ಕೆ, ಸೀಟಿಗೂ ಚಪ್ಪಾಳೆಗೂ ಮೀರಿದ ಇನ್ನೊಂದು ಗೆಲುವಿದೆಯೆಂದು ತೋರಿಸುವ ಈ ವಿಭಾಗ ಬಹಳ ಉಪಕಾರಿಯಾದುದು.

ಪ್ರೇಕ್ಷಕವರ್ಗವನ್ನು ಒಂದೇ ಮುಖದ ಸಮುದಾಯವೆಂದು ಭರತನು ಭಾವಿಸಲಿಲ್ಲ. ತರುಣರಿಗೆ ಪ್ರಣಯದಲ್ಲಿ ಸಂತೋಷ, ವಿದ್ವಾಂಸರಿಗೆ ತತ್ತ್ವದಲ್ಲಿ, ಧನಾಪೇಕ್ಷಿಗಳಿಗೆ ಅರ್ಥಸಂಪಾದನೆಯ ಪ್ರಸಂಗಗಳಲ್ಲಿ, ವಿರಾಗಿಗಳಿಗೆ ಮೋಕ್ಷವಿಚಾರದಲ್ಲಿ, ಶೂರರಿಗೆ ಯುದ್ಧದಲ್ಲಿ, ವೃದ್ಧರಿಗೆ ಧರ್ಮಾಖ್ಯಾನಗಳಲ್ಲಿ ಎಂದು ಅವನು ಬಿಡಿಸಿ ಹೇಳಿದ್ದಾನೆ. ಈ ಮಾತನ್ನು ಓದಿದ ನಿರ್ಮಾಪಕನಿಗೆ ಥಟ್ಟನೆ ಹೊಳೆಯುವ ಉಪಾಯವೆಂದರೆ, ಎಲ್ಲರಿಗೂ ಬೇಕಾದುದನ್ನು ಒಂದೊಂದಿಷ್ಟು ಸೇರಿಸಿಬಿಡುವುದು: ಎರಡು ಹೊಡೆದಾಟ, ನಾಲ್ಕು ಹಾಡು, ಹಾಸ್ಯಕ್ಕೆ ಒಂದು ಜೋಡಿ, ತಾಯಿಯ ಕಣ್ಣೀರು, ಕೊನೆಯಲ್ಲಿ ಒಂದು ನೀತಿ. ಈ ಲೆಕ್ಕಾಚಾರದಿಂದ ಹೊರಟ ಚಿತ್ರಗಳಲ್ಲಿ ಕೆಲವು ಗೆದ್ದಿವೆ, ಬಹುಭಾಗ ಎರಡನೆಯ ವಾರಕ್ಕೆ ಡಬ್ಬಾ ಸೇರಿವೆ. ಪದಾರ್ಥಗಳ ಪಟ್ಟಿ ಎರಡಕ್ಕೂ ಒಂದೇ ಆಗಿರುವಾಗ, ಗೆಲುವಿನ ಕಾರಣ ಆ ಪಟ್ಟಿಯಲ್ಲಿ ಇರಲಾರದು.

ಹಾಗಾದರೆ ಅದು ಇರುವುದೆಲ್ಲಿ? ನನ್ನ ನಂಬಿಕೆಯನ್ನು ಸರಳವಾಗಿ ಹೇಳುವುದಾದರೆ, ಪ್ರತಿಯೊಂದು ಚಿತ್ರವೂ ತನ್ನ ಪ್ರೇಕ್ಷಕನಿಗೆ ಒಂದು ಮಾತು ಕೊಡುತ್ತದೆ. ಆ ಮಾತನ್ನು ಕಡೆಯವರೆಗೆ ಉಳಿಸಿಕೊಂಡ ಚಿತ್ರ ಗೆಲ್ಲುತ್ತದೆ, ನಡುದಾರಿಯಲ್ಲಿ ಮುರಿದ ಚಿತ್ರ ಸೋಲುತ್ತದೆ. ಈ ಮಾತು ಕೊಡುವ ಕಾರ್ಯ ಚಿತ್ರ ಪ್ರಾರಂಭವಾಗುವ ಮೊದಲೇ ನಡೆದಿರುತ್ತದೆ. ಗೋಡೆಯ ಮೇಲಿನ ಭಿತ್ತಿಪತ್ರ, ನಾಯಕನಟನ ಹೆಸರು, ಮುಂಚಿತವಾಗಿ ಕಿವಿಗೆ ಬಿದ್ದ ಹಾಡು, ನಿರ್ದೇಶಕನ ಹಿಂದಿನ ಕೃತಿಗಳು — ಇವೆಲ್ಲ ಕೂಡಿ, ಒಳಗೆ ನಿಮಗೆ ದೊರೆಯುವುದು ಇಂಥದು ಎಂದು ಆಶ್ವಾಸನೆ ಕೊಟ್ಟಿರುತ್ತವೆ. ದೀಪವಾರಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಚಿತ್ರವು ತನ್ನ ಲೋಕದ ನ್ಯಾಯವನ್ನು ಸ್ಥಾಪಿಸುತ್ತದೆ: ಇಲ್ಲಿ ಒಬ್ಬನೇ ಇಪ್ಪತ್ತು ಜನರನ್ನು ಹೊಡೆದು ಉರುಳಿಸಬಲ್ಲ, ಅಥವಾ ಇಲ್ಲಿ ಒಂದು ಏಟಿನಿಂದಲೇ ಮನುಷ್ಯ ಸಾಯಬಹುದು. ಯಾವ ನ್ಯಾಯವಾದರೂ ಪ್ರೇಕ್ಷಕ ಒಪ್ಪುತ್ತಾನೆ. ಒಮ್ಮೆ ಒಪ್ಪಿದ ಮೇಲೆ ಅದನ್ನು ಕರ್ತೃವೇ ತನ್ನ ಅನುಕೂಲಕ್ಕಾಗಿ ಮುರಿದರೆ ಮಾತ್ರ ಸಹಿಸುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ‘ನಾಗರಹಾವು’ ಮತ್ತು ಅದರ ಹಿಂದೀ ರೂಪದ ವ್ಯತ್ಯಾಸ ಬಹುಮಟ್ಟಿಗೆ ತಿಳಿಯಾಗುತ್ತದೆ. ವಿಷ್ಣುವರ್ಧನರು ಅದಕ್ಕೆ ಮುಂಚೆ ‘ವಂಶವೃಕ್ಷ’ದಲ್ಲಿ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡಿದ್ದರಾದರೂ, ಸಾಮಾನ್ಯ ಪ್ರೇಕ್ಷಕನ ಮನಸ್ಸಿನಲ್ಲಿ ಅವರ ವಿಷಯವಾಗಿ ಯಾವ ಪೂರ್ವಕಲ್ಪನೆಯೂ ಇರಲಿಲ್ಲ, ಆದುದರಿಂದ ತೆರೆಯ ಮೇಲೆ ಬುಸುಗುಟ್ಟಿದವನು ರಾಮಾಚಾರಿಯೇ ಹೊರತು ವೇಷ ತೊಟ್ಟ ನಟನಲ್ಲ. ಕೆ. ಎಸ್. ಅಶ್ವತ್ಥರ ಚಾಮಯ್ಯ ಮೇಷ್ಟ್ರೋ, ನಮ್ಮ ಊರುಗಳ ಪಾಠಶಾಲೆಗಳಲ್ಲಿ ಶಿಷ್ಯನ ತಪ್ಪನ್ನು ತನ್ನ ತಪ್ಪೆಂದು ನೊಂದುಕೊಳ್ಳುತ್ತಿದ್ದ ಉಪಾಧ್ಯಾಯರನ್ನು ಕಂಡಿದ್ದ ಒಂದು ತಲೆಮಾರಿಗೆ ಪರಿಚಿತನಾದ ವ್ಯಕ್ತಿ. ಚಿತ್ರದುರ್ಗದ ಕೋಟೆ ಅಲ್ಲಿ ಬರಿಯ ಹಿನ್ನೆಲೆಯಲ್ಲ. ಕೋಟೆಯ ಕಲ್ಲಿನ ಕಿಂಡಿಯಲ್ಲಿ ಶತ್ರುಗಳನ್ನು ತಡೆದ ಓಬವ್ವನ ಪ್ರಸಂಗವನ್ನು ನಿರ್ದೇಶಕರು ಕಥೆಯ ನಡುವೆ ಹಾಡಾಗಿ ತಂದಾಗ, ಆ ಕಿಂಡಿಯ ವೃತ್ತಾಂತವನ್ನು ಬಾಲ್ಯದಿಂದ ಕೇಳಿ ಬೆಳೆದಿದ್ದ ಕನ್ನಡಿಗನಿಗೆ ಆ ಬೆಟ್ಟವೇ ಒಂದು ಪಾತ್ರವಾಗಿ ಕಂಡಿತು. ಹಿಂದಿಯ ಪ್ರೇಕ್ಷಕನ ಸ್ಥಿತಿ ಇದಕ್ಕೆ ತೀರ ವಿರುದ್ಧ. ‘ಬಾಬಿ’ಯ ಕೋಮಲ ಪ್ರೇಮಿಯನ್ನು ನೆಚ್ಚಿಕೊಂಡು ಬಂದವನಿಗೆ ಅದೇ ಮುಖದಲ್ಲಿ ವಿಷ ಕಾರುವ ಹುಡುಗನೊಬ್ಬ ಎದುರಾದ; ಆ ಕೋಟೆ ಅವನಿಗೆ ಒಂದು ರಮ್ಯಸ್ಥಳ ಮಾತ್ರವಾಗಿತ್ತು. ಹೆಸರು ಕೊಟ್ಟ ಮಾತು ಒಂದು, ಕಥೆ ನಡೆಸಿದ ಮಾತು ಇನ್ನೊಂದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ರಚಿಸಿದ ಈ ಚಿತ್ರ ಸ್ವತಃ ಕಾದಂಬರಿಕಾರರಿಗೆ ಸಮಾಧಾನ ತರಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಅವರ ಅಸಮಾಧಾನಕ್ಕೆ ಆಧಾರವಿತ್ತು. ತಾವು ಕಂಡ ರಾಮಾಚಾರಿ ತೆರೆಯ ರಾಮಾಚಾರಿಗಿಂತ ಭಿನ್ನನೆಂದು ಹೇಳುವ ಹಕ್ಕು ಅವನನ್ನು ಸೃಷ್ಟಿಸಿದವರಿಗೆ ಇದ್ದೇ ಇದೆ. ಆದರೂ ಜನ ಅದನ್ನು ಎದೆಗೆ ಅಪ್ಪಿಕೊಂಡರು. ಮೂಲಕೃತಿಗೆ ನಿಷ್ಠವಾಗಿರುವುದು ಒಂದು ಗುಣ, ಪ್ರೇಕ್ಷಕನಿಗೆ ಕೊಟ್ಟ ಮಾತಿಗೆ ನಿಷ್ಠವಾಗಿರುವುದು ಇನ್ನೊಂದು ಗುಣ. ಎರಡೂ ಒಂದೆಡೆ ಕೂಡಿದರೆ ಭಾಗ್ಯ, ಆದರೆ ಚಿತ್ರದ ಗೆಲುವು ನಿಂತಿರುವುದು ಎರಡನೆಯದರ ಮೇಲೆ.

ಅದೇ 1972ರಲ್ಲಿ ತೆರೆಕಂಡ, ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ, ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಈ ತತ್ತ್ವಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿದ ಈ ಚಿತ್ರದಲ್ಲಿ, ಭಾವನನ್ನು ಕಳೆದುಕೊಂಡು ದಿಕ್ಕಿಲ್ಲದಾದ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಬಂದ ರಾಜೀವ, ಬಂಜರು ನೆಲವನ್ನು ಹಸನುಮಾಡಿ, ಬಂಡೆಯನ್ನು ಒಡೆದು ನೀರು ಹರಿಸಿ, ಊರಿಗೇ ಮಾದರಿಯಾಗುತ್ತಾನೆ. ರಾಜ್‌ಕುಮಾರರಂಥ ಜನಪ್ರಿಯ ನಾಯಕನ ಚಿತ್ರವೆಂದಮೇಲೆ, ಕೊನೆಯಲ್ಲಿ ಅವನಿಗೆ ಸುಖವೋ ಪಟ್ಟವೋ ದೊರೆಯಬೇಕೆಂಬುದು ವ್ಯಾಪಾರದ ಸಾಮಾನ್ಯ ನಿಯಮ. ಸಿದ್ಧಲಿಂಗಯ್ಯನವರು ಆ ನಿಯಮವನ್ನು ಬದಿಗಿಟ್ಟರು. ಹೆಂಡತಿಯನ್ನು ಕಳೆದುಕೊಂಡ ಮೇಲೆ, ತಾನು ಬೆವರು ಸುರಿಸಿ ಓದಿಸಿದ ಸೋದರಳಿಯನೇ ತನ್ನ ಮೇಲೆ ಸಂದೇಹಪಟ್ಟು ಮಾತನಾಡಿದಾಗ, ರಾಜೀವ ಒಂದು ಕಟುವಚನವನ್ನೂ ಆಡದೆ ಮನೆಬಿಟ್ಟು ಹೊರಟುಹೋಗುತ್ತಾನೆ. ತನಗಾಗಿ ಏನನ್ನೂ ಇರಿಸಿಕೊಳ್ಳದ ಮನುಷ್ಯನ ಕಥೆ ಹೇಳುತ್ತೇನೆಂದು ಮೊದಲಲ್ಲಿ ಕೊಟ್ಟ ಮಾತನ್ನು ಚಿತ್ರ ಆ ಕೊನೆಯ ನಡಿಗೆಯಲ್ಲಿ ಪೂರೈಸಿತು. ಅದನ್ನು ಕಂಡು ಪೇಟೆಯ ನೌಕರಿಯನ್ನು ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದರೆಂದು ನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಭರತನು ದೈವಿಕವೆಂದು ಕರೆದ ಸಿದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂವತ್ತನಾಲ್ಕು ವರ್ಷಗಳ ಅನಂತರ, 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ನೋಡಲು ಬೇರೆಯ ಜಾತಿಯ ಚಿತ್ರ. ಕಿರುತೆರೆಯ ಹಾಸ್ಯ ಕಾರ್ಯಕ್ರಮದಿಂದ ಜನಕ್ಕೆ ಪರಿಚಿತರಾಗಿದ್ದ ಗಣೇಶ್ ಅದರ ನಾಯಕ. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರ ಗೀತೆ, ಕೊಡಗು ಸಕಲೇಶಪುರಗಳ ಬಿಡದೆ ಸುರಿಯುವ ಮಳೆ. ಅಲ್ಲಿಯೂ ನಾಯಕ ತಾನು ಪ್ರೀತಿಸಿದವಳನ್ನು ಪಡೆಯುವುದಿಲ್ಲ. ತನ್ನನ್ನು ನಂಬಿದ ಒಬ್ಬ ತಾಯಿಯ ವಿಶ್ವಾಸಕ್ಕೆ ಕಟ್ಟುಬಿದ್ದು, ಅವಳನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ನಡೆದುಬಿಡುತ್ತಾನೆ. ನಗಿಸುತ್ತಲೇ ಬಂದ ಹುಡುಗನ ಹುಡುಗಾಟದ ಕೆಳಗೆ ಒಬ್ಬ ಮಾನವಂತನಿದ್ದಾನೆಂಬುದನ್ನು ಮೊದಲಿನಿಂದಲೂ ಸೂಚಿಸುತ್ತ ಬಂದಿದ್ದರಿಂದ, ಪ್ರೇಕ್ಷಕನಿಗೆ ಆ ಅಂತ್ಯ ಮೋಸವೆನಿಸದೆ ನ್ಯಾಯವೆನಿಸಿತು. ವಾರವಾರಕ್ಕೂ ಚಿತ್ರ ಬದಲಿಸುವುದೇ ರೂಢಿಯಾಗಿದ್ದ ಬೆಂಗಳೂರಿನ ಬಹುಪರದೆಯ ಮಂದಿರವೊಂದರಲ್ಲಿ ಅದು ವರ್ಷಕ್ಕೂ ಮೀರಿ ಓಡಿತು. ಸುಖಾಂತವೇ ಬೇಕು, ದೊಡ್ಡ ತಾರೆಯೇ ಬೇಕು ಎಂಬ ಎರಡು ನಂಬಿಕೆಗಳೂ ಹೀಗೆ ಒಟ್ಟಿಗೆ ಸುಳ್ಳಾದವು.

ಸೋಲಿನ ಕಡೆಗೂ ಅಷ್ಟೇ ಆದರದಿಂದ ನೋಡಬೇಕು. ಏಕೆಂದರೆ ದೊಡ್ಡ ಸೋಲುಗಳ ಹಿಂದೆ ಅನೇಕ ವೇಳೆ ದೊಡ್ಡ ಮನಸ್ಸೇ ಇರುತ್ತದೆ. 1987ರಲ್ಲಿ ರವಿಚಂದ್ರನ್ ‘ಪ್ರೇಮಲೋಕ’ವನ್ನು ತಂದಾಗ, ಹಂಸಲೇಖರ ಹಾಡುಗಳ ಮೇಲೆಯೇ ನಿಂತ ಆ ಪ್ರಣಯಕಥೆ ಕನ್ನಡ ಚಿತ್ರಗಳ ಬಣ್ಣವನ್ನೂ ಲಯವನ್ನೂ ಬದಲಿಸಿತು. ಕಾಲೇಜಿನ ಹುಡುಗ ಹುಡುಗಿಯರ ಒಲವನ್ನು ಹಾಡಿನಲ್ಲಿ ಹೇಳುತ್ತೇನೆಂಬುದಷ್ಟೇ ಅದರ ಮಾತು, ಅದನ್ನು ಅದು ಸೊಗಸಾಗಿ ನಡೆಸಿತು. ಅದೇ ಕರ್ತೃ ‘ಶಾಂತಿ ಕ್ರಾಂತಿ’ಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಎಂಬ ನಾಲ್ಕು ಭಾಷೆಗಳಿಗೆ ಏಕಕಾಲದಲ್ಲಿ ಕೈಹಾಕಿ, ತಾವಲ್ಲದೆ ನಾಗಾರ್ಜುನ, ರಜನೀಕಾಂತರನ್ನೂ ಬೇರೆ ಬೇರೆ ಭಾಷೆಗಳಿಗೆ ನಾಯಕರನ್ನಾಗಿಸಿ, ಅಂದಿನ ಕನ್ನಡ ಚಿತ್ರರಂಗ ಊಹಿಸಲೂ ಹೆದರುತ್ತಿದ್ದಷ್ಟು ಹಣವನ್ನು ತೊಡಗಿಸಿದರು. 1991ರಲ್ಲಿ ಹೊರಬಂದ ಅದು ನೆಲಕಚ್ಚಿತು. ಸಾಹಸದಲ್ಲಿ ಕೊರತೆಯಿರಲಿಲ್ಲ. ಆದರೆ ನಾಲ್ಕು ನಾಡುಗಳ ನಾಲ್ಕು ಬಗೆಯ ನಿರೀಕ್ಷೆಗಳಿಗೆ ಒಂದೇ ಕಥೆಯಿಂದ ಮಾತು ಕೊಟ್ಟಾಗ, ಯಾವ ನಾಡಿಗೂ ಅದು ತನ್ನದೆನಿಸದೆ ಹೋಗುವ ಅಪಾಯವುಂಟು. ಖರ್ಚಿನ ಗಾತ್ರವೇ ಒಂದು ವಾಗ್ದಾನವಾಗಿ, ಅದಕ್ಕೆ ಸರಿದೂಗುವ ಅದ್ಭುತವನ್ನು ಪ್ರತಿ ದೃಶ್ಯದಲ್ಲೂ ಜನ ಎದುರುನೋಡತೊಡಗುತ್ತಾರೆ. ಅದೇ ವರ್ಷ ಅವರು ನಾಯಕನಾಗಿ ನಟಿಸಿದ ‘ರಾಮಾಚಾರಿ’ ಎಂಬ ಹಳ್ಳಿಯ ಮುಗ್ಧನ ಕಥೆ ಭರ್ಜರಿಯಾಗಿ ಗೆದ್ದಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸೋತದ್ದು ಕಲಾವಿದನಲ್ಲ, ಅಳತೆ ಮೀರಿದ ವಾಗ್ದಾನವೆಂಬುದು ಮನವರಿಕೆಯಾಗುತ್ತದೆ.

ಭರತನು ಸಿದ್ಧಿಯ ಜೊತೆಗೆ ಘಾತಗಳನ್ನೂ, ಎಂದರೆ ಆಟವನ್ನು ಕೆಡಿಸುವ ಪೆಟ್ಟುಗಳನ್ನೂ ಎಣಿಸಿದ್ದಾನೆ. ಗಾಳಿ, ಮಳೆ, ಬೆಂಕಿ, ಆನೆ, ಹಾವು ಇತ್ಯಾದಿಗಳಿಂದ ಒದಗುವುದು ದೈವಘಾತ. ಹೊಟ್ಟೆಕಿಚ್ಚಿನವರು ಕೂಗಾಡಿ, ಸಗಣಿ ಹುಲ್ಲು ಎಸೆದು ಮಾಡುವುದು ಪರಘಾತ. ಪಾತ್ರಕ್ಕೆ ಒಪ್ಪದ ನಟ, ಮರೆತ ಮಾತು, ಅಸಹಜ ಅಭಿನಯ, ಜಾರಿಬಿದ್ದ ಕಿರೀಟ ಇವು ಆತ್ಮಘಾತ. ಇಂದಿನ ಚಿತ್ರಗಳ ಭವಿಷ್ಯಕ್ಕೂ ಈ ಪಟ್ಟಿ ಅನ್ವಯಿಸುತ್ತದೆ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನಿಮಿತ್ತ ಚಿತ್ರಮಂದಿರಗಳೆಲ್ಲ ಮುಚ್ಚಿದಾಗ, ಆಗತಾನೆ ತೆರೆಕಂಡಿದ್ದ ಚಿತ್ರಗಳಿಗೆ ತಗುಲಿದ ಪೆಟ್ಟು ದೈವಘಾತವಲ್ಲದೆ ಮತ್ತೇನು? ಬಿಡುಗಡೆಯ ದಿನವೇ ಕಳ್ಳಪ್ರತಿಯನ್ನು ಹಬ್ಬಿಸುವವರ ಕೃತ್ಯ ಪರಘಾತ. ಒಂದೇ ವಾರದಲ್ಲಿ ಏಳೆಂಟು ಚಿತ್ರಗಳು ಮುಗಿಬಿದ್ದು ಒಂದನ್ನೊಂದು ತುಳಿಯುವುದೂ ಆ ಜಾತಿಯದೇ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ನಿರ್ಮಿಸಿ ನಿರ್ದೇಶಿಸಿದ ‘ಸಂಸ್ಕಾರ’ಕ್ಕೆ ಮೊದಲು ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ನಿರಾಕರಿಸಿತ್ತು, ಆ ಅಡ್ಡಿಯನ್ನು ದಾಟಿ ಹೊರಬಂದ ಚಿತ್ರ 1970ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರವಾದ ಮೊದಲ ಕನ್ನಡ ಚಿತ್ರವಾಯಿತು. ಒಳಗೆ ಗಟ್ಟಿಯಾದ ಕೃತಿ ಹೊರಗಿನ ಪೆಟ್ಟನ್ನು ತಾಳಿಕೊಳ್ಳಬಲ್ಲುದು.

ಆತ್ಮಘಾತಕ್ಕೆ ಮಾತ್ರ ಔಷಧವಿಲ್ಲ. ನನಗೆ ಕಂಡಮಟ್ಟಿಗೆ, ಸೋತ ಚಿತ್ರಗಳಲ್ಲಿ ಅಧಿಕಾಂಶ ಸೋತಿರುವುದು ತಮ್ಮ ಕೈಯಾರೆಯೇ. ಬರವಣಿಗೆಗೆ ತಿಂಗಳುಗಳು ಬೇಕಾದಲ್ಲಿ ವಾರಗಳನ್ನು ಕೊಟ್ಟು, ಕಥೆ ಇನ್ನೂ ಕಣ್ಣು ಬಿಡುವ ಮುಂಚೆಯೇ ನಟರ ದಿನಾಂಕಗಳನ್ನು ನಿಶ್ಚಯಿಸಿ, ಉಳಿದುದನ್ನು ಚಿತ್ರೀಕರಣದ ಸ್ಥಳದಲ್ಲಿ ನೋಡಿಕೊಳ್ಳೋಣವೆಂದು ಹೊರಟ ಚಿತ್ರ, ಮಧ್ಯಂತರದವರೆಗೆ ಹೇಗೋ ನಡೆದು ಅಲ್ಲಿಂದಾಚೆ ದಾರಿ ತಪ್ಪುತ್ತದೆ. ಮೊದಲರ್ಧದಲ್ಲಿ ಎತ್ತಿದ ಪ್ರಶ್ನೆಗೆ ದ್ವಿತೀಯಾರ್ಧದಲ್ಲಿ ಉತ್ತರ ಸಿಗದೆ, ಆ ಜಾಗದಲ್ಲಿ ಒಂದು ಹೊಡೆದಾಟವೋ ಭಾಷಣವೋ ಬಂದು ಕುಳಿತುಕೊಳ್ಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ತನ್ನ ಸ್ಥಾನದಲ್ಲಿರುವುದೆಲ್ಲ ಶೋಭಿಸುತ್ತದೆ, ಸ್ಥಾನ ತಪ್ಪಿದ ಆಭರಣವೂ ನಗೆಗೆ ಈಡಾಗುತ್ತದೆಂಬುದು ಅವನ ಅಭಿಪ್ರಾಯದ ಸಾರ. ಒಳ್ಳೆಯ ಹಾಡು ತಪ್ಪಾದ ಗಳಿಗೆಯಲ್ಲಿ ಬಂದರೆ ಜನ ಎದ್ದು ಹೊರಗೆ ಹೋಗುವುದನ್ನು ಯಾವ ಮಂದಿರದಲ್ಲಿಯಾದರೂ ಕಾಣಬಹುದು. ಕ್ಷೇಮೇಂದ್ರನ ಸಿದ್ಧಾಂತಕ್ಕೆ ಅದೇ ದಿನನಿತ್ಯದ ಪ್ರಮಾಣ.

ಮಾತು ಉಳಿಸಿಕೊಂಡ ಚಿತ್ರವೂ ಗೆಲ್ಲಬೇಕಾದರೆ ಅದಕ್ಕೆ ಕಾಲಾವಕಾಶ ಬೇಕು. ನಮ್ಮ ರಾಮನಗರದ ಬಂಡೆಬೆಟ್ಟಗಳ ನಡುವೆ ಒಂದು ಹಳ್ಳಿಯನ್ನೇ ಕಟ್ಟಿ ಚಿತ್ರಿಸಿದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಾಗ, ಮೊದಮೊದಲಿನ ದಿನಗಳ ವರದಿ ಉತ್ಸಾಹದಾಯಕವಾಗಿರಲಿಲ್ಲ; ಅಮಿತಾಭ್ ಬಚ್ಚನ್ನರ ಪಾತ್ರ ಸಾಯುವುದನ್ನು ಬದಲಿಸಿ ಅಂತ್ಯವನ್ನು ಪುನಃ ಚಿತ್ರಿಸೋಣವೆ ಎಂಬ ಆಲೋಚನೆಯೂ ನಿರ್ಮಾಪಕರಲ್ಲಿ ನಡೆಯಿತು. ಅವರು ತಾಳಿದರು. ನೋಡಿದವರು ನೋಡದವರಿಗೆ ಹೇಳಿದರು. ಸಂಭಾಷಣೆಯ ಧ್ವನಿಮುದ್ರಿಕೆಗಳೇ ಹಾಡಿನ ತಟ್ಟೆಗಳಂತೆ ಮಾರಾಟವಾದವು. ಮುಂಬಯಿಯ ಮಿನರ್ವಾ ಮಂದಿರದಲ್ಲಿ ಅದು ಐದು ವರ್ಷ ಓಡಿತು. ಜನರ ಬಾಯಿಮಾತಿಗಿಂತ ಬಲವಾದ ಪ್ರಚಾರ ಇನ್ನೊಂದಿಲ್ಲ. ಆದರೆ ಬಾಯಿಮಾತು ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದು ಹೋಗಬೇಕು. ಶುಕ್ರವಾರ ತೆರೆಗೆ ಬಂದ ಚಿತ್ರದ ಹಣೆಬರಹವನ್ನು ಭಾನುವಾರದ ರಾತ್ರಿಯೊಳಗೆ ಬರೆದುಬಿಡುವ ಇಂದಿನ ಪದ್ಧತಿಯಲ್ಲಿ, ಸೋಮವಾರ ಪ್ರದರ್ಶನಗಳ ಸಂಖ್ಯೆ ಇಳಿದು, ಸುದ್ದಿ ಕೇಳಿ ಹೊರಟವನು ಮಂದಿರಕ್ಕೆ ಬರುವ ಹೊತ್ತಿಗೆ ಅಲ್ಲಿ ಬೇರೆ ಚಿತ್ರ ನಡೆಯುತ್ತಿರುತ್ತದೆ. ಎಷ್ಟು ಒಳ್ಳೆಯ ಚಿತ್ರಗಳು ಹೀಗೆ ಅಕಾಲಮರಣಕ್ಕೆ ಈಡಾಗಿವೆಯೋ ಎಂದು ನೆನೆದರೆ ದುಃಖವಾಗುತ್ತದೆ.

ಆದರೂ ಬಾಯಿಮಾತಿನ ಶಕ್ತಿ ಅಳಿದಿಲ್ಲವೆಂಬುದನ್ನು 2022ರ ‘ಕಾಂತಾರ’ ತೋರಿಸಿತು. ರಿಷಬ್ ಶೆಟ್ಟರು ತಮ್ಮ ಹುಟ್ಟೂರಾದ ಕುಂದಾಪುರ ಸೀಮೆಯ ಕೆರಾಡಿಯಲ್ಲಿ, ಆ ನೆಲದ ಕಂಬಳವನ್ನೂ ಭೂತಕೋಲವನ್ನೂ ಪಂಜುರ್ಲಿ ಗುಳಿಗ ದೈವಗಳ ನಂಬಿಕೆಯನ್ನೂ ಆಧಾರವಾಗಿರಿಸಿಕೊಂಡು ತೆಗೆದ ಈ ಚಿತ್ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು. ಬೇರೆ ರಾಜ್ಯಗಳವರೂ ಕನ್ನಡದಲ್ಲಿಯೇ ನೋಡಿ ಬೆರಗಾಗಿ ಮಾತನಾಡತೊಡಗಿದ ಮೇಲೆ, ಅಕ್ಟೋಬರ್ ನಡುವಿನ ಹೊತ್ತಿಗೆ ಹಿಂದಿ, ತೆಲುಗು ಮುಂತಾದ ಭಾಷೆಗಳಿಗೆ ಡಬ್ ಆಗಿ ದೇಶವನ್ನೆಲ್ಲ ಸುತ್ತಿತು. ಎಲ್ಲರನ್ನೂ ಮೆಚ್ಚಿಸಲು ಹೊರಟ ‘ಶಾಂತಿ ಕ್ರಾಂತಿ’ ಯಾರನ್ನೂ ಮುಟ್ಟದಿದ್ದಲ್ಲಿ, ತನ್ನ ಒಂದು ಸೀಮೆಗೆ ಸತ್ಯವಾಗಿ ನಡೆದುಕೊಂಡ ‘ಕಾಂತಾರ’ ಎಲ್ಲರನ್ನೂ ಮುಟ್ಟಿತು. ಕಡೆಯ ಕೋಲದ ದೃಶ್ಯದಲ್ಲಿ ಸೀಟಿ ಹೊಡೆಯುತ್ತಿದ್ದ ಮಂದಿರಗಳೇ ಸ್ತಬ್ಧವಾಗಿ ಕುಳಿತವು. ಸಿದ್ಧಿಯ ಎರಡು ಬಗೆಗಳೂ ಒಂದೇ ಚಿತ್ರದಲ್ಲಿ ಒಂದರ ಹಿಂದೊಂದು ಕಾಣಿಸಿಕೊಂಡ ಅಪೂರ್ವ ಸಂದರ್ಭವದು.

ಹಣದ ಅಳತೆಗೆ ಸಿಕ್ಕದ ಗೆಲುವುಗಳೂ ಉಂಟು. ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರು, ಮೈಸೂರಿನವರೇ ಆದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಕೈಯಲ್ಲಿ ಬೆಳಕು ನೆರಳುಗಳ ಕಾವ್ಯವನ್ನೇ ಬರೆಸಿದ ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂಬ ಹಿರಿಮೆಯೊಡನೆ 1959ರಲ್ಲಿ ಬಂದು ಸೋತಿತು. ಆ ಸೋಲಿನ ಬಳಿಕ ಗುರುದತ್ತರು ನಿರ್ದೇಶಕರೆಂದು ತಮ್ಮ ಹೆಸರನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಇಂದು ಅದೇ ಚಿತ್ರ ವಿದ್ಯಾರ್ಥಿಗಳಿಗೆ ಪಾಠ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರವಾದ 1977ರ ‘ಘಟಶ್ರಾದ್ಧ’, ಅಗ್ರಹಾರದ ಒಬ್ಬ ಎಳೆಯ ವಿಧವೆಯ ದುಃಖವನ್ನು ಒಬ್ಬ ಬಾಲಕನ ಕಣ್ಣಿನಿಂದ ತೋರಿಸಿ, ಸ್ವರ್ಣಕಮಲವನ್ನು ಪಡೆಯಿತು. ನಲವತ್ತೇಳು ವರ್ಷಗಳ ಅನಂತರ, 2024ರಲ್ಲಿ, ಜೀರ್ಣೋದ್ಧಾರಗೊಂಡ ಅದರ ಪ್ರತಿಯನ್ನು ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಆ ಹಳ್ಳಿಗರನ್ನೇ ನಟರನ್ನಾಗಿಸಿ ರಾಮ್ ರೆಡ್ಡಿಯವರು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಮನ್ನಣೆ ಪಡೆದು, ಬಳಿಕ ನಮ್ಮ ಮಂದಿರಗಳಲ್ಲಿಯೂ ಜನರನ್ನು ನಗಿಸಿತು, ಚಿಂತನೆಗೂ ಹಚ್ಚಿತು. ಸಣ್ಣ ಮಾತು ಕೊಟ್ಟು, ಸಣ್ಣ ಖರ್ಚಿನಲ್ಲಿ, ಅದನ್ನು ಪೂರ್ಣವಾಗಿ ನಡೆಸಿದ ಇಂಥ ಚಿತ್ರಗಳನ್ನು ಸೋತವೆಂದು ಕರೆಯುವುದು ಅವಿವೇಕ.

ಕಿರುತೆರೆಯ ಧರ್ಮ ಸ್ವಲ್ಪ ಬೇರೆ. ಚಲನಚಿತ್ರ ಒಮ್ಮೆ ಮಾತು ಕೊಟ್ಟು ಎರಡೂವರೆ ಗಂಟೆಯಲ್ಲಿ ಅದನ್ನು ತೀರಿಸುತ್ತದೆ. ಧಾರಾವಾಹಿ ಪ್ರತಿದಿನವೂ ಮಾತು ಕೊಟ್ಟು ಪ್ರತಿದಿನವೂ ತೀರಿಸಬೇಕು, ಅದೂ ಟಿಕೆಟ್ಟು ಕೊಂಡು ಕತ್ತಲಲ್ಲಿ ಕುಳಿತವನಿಗಲ್ಲ, ಅಡಿಗೆ, ಮಕ್ಕಳ ಪಾಠ, ಬಂದುಹೋಗುವ ನೆಂಟರ ನಡುವೆ ಕಣ್ಣು ಹಾಯಿಸುವವನಿಗೆ. ಆದುದರಿಂದ ಅಲ್ಲಿ ಕುತೂಹಲಕ್ಕಿಂತ ಹೆಚ್ಚಾಗಿ ಬೇಕಾದುದು ಪಾತ್ರಗಳೊಡನೆ ನೆಂಟಸ್ತಿಕೆ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಆಗುಂಬೆಯ ಮಲೆನಾಡಿನಲ್ಲಿ ‘ಮಾಲ್ಗುಡಿ ಡೇಸ್’ ಆಗಿ ರೂಪಿಸಿದಾಗ, ಮಾಸ್ಟರ್ ಮಂಜುನಾಥನ ಸ್ವಾಮಿ ದೇಶದ ಎಲ್ಲ ಮನೆಗಳ ಹುಡುಗನಾದ; ಎಲ್. ವೈದ್ಯನಾಥನ್ನರ ಆ ರಾಗವನ್ನು ಕೇಳಿದೊಡನೆ ಅಂದಿನ ಬಾಲಕರಾಗಿದ್ದ ಇಂದಿನ ಗೃಹಸ್ಥರ ಮುಖ ಅರಳುತ್ತದೆ. 1987ರ ಜನವರಿಯಿಂದ ಭಾನುವಾರಗಳ ಬೆಳಗ್ಗೆ ದೂರದರ್ಶನ ಬಿತ್ತರಿಸಿದ ರಾಮಾನಂದ ಸಾಗರರ ‘ರಾಮಾಯಣ’ದ ಹೊತ್ತಿನಲ್ಲಿ ಬೀದಿಗಳು ನಿರ್ಜನವಾಗುತ್ತಿದ್ದುದು ಆ ಕಾಲದವರಿಗೆಲ್ಲ ನೆನಪಿದೆ. ಚಂದನ ವಾಹಿನಿಯಲ್ಲಿ 1998ರಲ್ಲಿ ಪ್ರಾರಂಭವಾದ ‘ಮಾಯಾಮೃಗ’ದಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ಮಧ್ಯಮವರ್ಗದ ಕನ್ನಡ ಸಂಸಾರಗಳ ಆಸೆ ಸಂಕಟಗಳನ್ನು ಅಬ್ಬರವಿಲ್ಲದೆ ತೋರಿಸಿ, ಪ್ರತಿದಿನದ ಧಾರಾವಾಹಿಯೂ ಸಾಹಿತ್ಯಗುಣವನ್ನು ಹೊಂದಿರಬಹುದೆಂದು ಸ್ಥಾಪಿಸಿದರು.

ಧಾರಾವಾಹಿ ಸೋಲುವ ಬಗೆಯೂ ವಿಶಿಷ್ಟವಾದುದು. ಅದು ಗೆದ್ದುದರಿಂದಲೇ ಸೋಲುತ್ತದೆ. ಆಯ್ದ ಮನೆಗಳಲ್ಲಿ ಇರಿಸಿದ ಮಾಪಕಗಳಿಂದ ಅಳೆದು ವಾರವಾರವೂ ಪ್ರಕಟಿಸುವ ವೀಕ್ಷಣೆಯ ಅಂಕಗಳು ಏರಿದರೆ ಜಾಹೀರಾತಿನ ದರ ಏರುತ್ತದೆ. ದರ ಏರಿದ ಕಥೆಯನ್ನು ಮುಗಿಸಲು ವಾಹಿನಿಗೆ ಮನಸ್ಸು ಬರುವುದಿಲ್ಲ. ಆಗ ಮದುವೆ ನಿಲ್ಲುತ್ತದೆ, ಸತ್ತವರು ಎದ್ದು ಬರುತ್ತಾರೆ, ನೆನಪು ಹೋದವರಿಗೆ ನೆನಪು ಮರಳಿ ಮತ್ತೆ ಹೋಗುತ್ತದೆ. ನೆಂಟರು ಹೆಚ್ಚಿದಂತೆಲ್ಲ ಮಜ್ಜಿಗೆಗೆ ನೀರು ಬೆರೆಸುತ್ತ ಹೋದರೆ ಕೊನೆಯ ಪಂಕ್ತಿಗೆ ಬರಿಯ ನೀರೇ ಉಳಿಯುವಂತೆ, ಕಥೆಯೂ ರುಚಿಗೆಡುತ್ತದೆ. ಮುಗಿಯುವ ಧೈರ್ಯವಿದ್ದ ಧಾರಾವಾಹಿಗಳನ್ನೇ ಜನ ದಶಕಗಳ ಬಳಿಕವೂ ಪ್ರೀತಿಯಿಂದ ಸ್ಮರಿಸುತ್ತಿರುವುದು ಆಕಸ್ಮಿಕವಲ್ಲ. ಅಂತ್ಯವೆಂಬುದೂ ಪ್ರೇಕ್ಷಕನಿಗೆ ಕೊಟ್ಟ ಮಾತಿನ ಒಂದು ಭಾಗ.

ಇಷ್ಟು ವಿಚಾರದಿಂದ ಫಲಿಸುವುದು ಕಷ್ಟವಾದ ಸೂತ್ರವೇನೂ ಅಲ್ಲ. ಚಿತ್ರ ತೆಗೆಯಹೊರಟವನು ಜನಕ್ಕೆ ಏನು ಬೇಕೆಂದು ಊಹಿಸುವುದಕ್ಕಿಂತ ಮೊದಲು, ತಾನು ಏನನ್ನು ಕೊಡುವೆನೆಂದು ಹೇಳುತ್ತಿದ್ದೇನೆ, ಅದನ್ನು ಕೊಡುವ ಶಕ್ತಿ ತನಗುಂಟೆ ಎಂದು ಕೇಳಿಕೊಳ್ಳಬೇಕು. ಆ ಉತ್ತರ ಬರವಣಿಗೆಯ ಮೇಜಿನ ಮೇಲೆಯೇ ದೊರೆಯಬೇಕು, ಚಿತ್ರೀಕರಣದ ಬಯಲಿನಲ್ಲಲ್ಲ. ಚಿತ್ರಮಂದಿರದವರೂ ವಿತರಕರೂ, ಚೆನ್ನಾಗಿದೆಯೆಂಬ ಸುದ್ದಿ ಹಬ್ಬುತ್ತಿರುವ ಸಣ್ಣ ಚಿತ್ರಕ್ಕೆ ಇನ್ನೊಂದು ವಾರ ಜಾಗ ಕೊಡುವುದು ದಾನವಲ್ಲ, ತಮ್ಮ ಉದ್ಯಮದ ನಾಳೆಗೆ ಇಟ್ಟ ಮೂಲಧನವೆಂದು ತಿಳಿಯಬೇಕು. ನೋಡುವ ನಮಗೂ ಒಂದು ಕರ್ತವ್ಯವುಂಟು. ಮೆಚ್ಚಿದ ಚಿತ್ರವನ್ನು ಮೊದಲ ವಾರದಲ್ಲಿಯೇ ಮಂದಿರಕ್ಕೆ ಹೋಗಿ ನೋಡಿ, ನಾಲ್ಕು ಜನಕ್ಕೆ ಹೇಳುವುದು. ಮಾತಿಗೆ ತಪ್ಪಿದ ಚಿತ್ರವನ್ನು, ಅದು ನಮ್ಮ ಅಭಿಮಾನದ ನಟನದೇ ಆಗಿರಲಿ, ಚೆನ್ನಾಗಿಲ್ಲವೆಂದು ಸೌಜನ್ಯದಿಂದ ಹೇಳುವುದು. ಭರತನು ಪ್ರಯೋಗವನ್ನು ಪರೀಕ್ಷಿಸಲು ಯಜ್ಞವನ್ನು ಬಲ್ಲವನಿಂದ ಗಣಿಕೆಯವರೆಗೆ, ರಾಜನಿಂದ ಚಿತ್ರಕಾರನವರೆಗೆ ನಾನಾ ವೃತ್ತಿಯವರನ್ನು ಪ್ರಾಶ್ನಿಕರಾಗಿ ಕೂರಿಸಿ, ಒಬ್ಬೊಬ್ಬರೂ ತಮಗೆ ತಿಳಿದ ವಿಷಯದಲ್ಲಿ ತೀರ್ಪು ಕೊಡಬೇಕೆಂದನು. ಟಿಕೆಟ್ಟು ಕೊಂಡು ಒಳಗೆ ಕುಳಿತ ಪ್ರತಿಯೊಬ್ಬನೂ ಇಂದು ಆ ಪ್ರಾಶ್ನಿಕರ ಸ್ಥಾನದಲ್ಲಿದ್ದಾನೆ. ಅವನ ತೀರ್ಪು ನಿಷ್ಪಕ್ಷಪಾತವಾದಷ್ಟೂ ಚಿತ್ರಗಳ ಮಾತು ಬೆಲೆಯುಳ್ಳದ್ದಾಗುತ್ತದೆ, ಆ ಮಾತನ್ನು ನಡೆಸುವ ಕಲಾವಿದರ ಧೈರ್ಯವೂ ಹೆಚ್ಚುತ್ತದೆ.